ಶಿರಶ್ಛೇದ–ಪುನಃಸ್ಥಾಪನಾ ಮೀಮಾಂಸೆ: ಅಬಲೂರಿನ ಎನ್‌ಒಸಿ ಕುರಿತು ಒಂದು ಸಂಶೋಧನೆ

ಪರಂಪರೆ ಉಳಿಯಬೇಕೋ, ಊರು ಬೆಳೆಯಬೇಕೋ ಎಂಬ ಜಗಳ ನಿನ್ನೆ ಮೊನ್ನೆಯದೆಂದು ನಗರಯೋಜನಾ ಪಂಡಿತರು ನಂಬಿದ್ದಾರೆ. ಇದು ಶುದ್ಧ ಅಜ್ಞಾನ. ಹಿರೇಕೆರೂರು ತಾಲ್ಲೂಕಿನ ಅಬಲೂರು ಈ ವ್ಯಾಜ್ಯವನ್ನು 12ನೇ ಶತಮಾನದಲ್ಲೇ ತೀರಿಸಿ, ಕಡತವನ್ನು ಸೋಮೇಶ್ವರ ಗುಡಿಯ ಕಲ್ಲಿನ ಮೇಲೆ ಕೊರೆಸಿಟ್ಟಿದೆ. ಓದಲು ಬಾರದವರಿಗೆಂದು ಉಬ್ಬುಶಿಲ್ಪವೂ ಉಂಟು. ಶಾಸನತಜ್ಞ ಫ್ಲೀಟ್ ಸಾಹೇಬರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿಯೂ ಕೊಟ್ಟರು. ನಮ್ಮ ಪಂಡಿತರ ಬಿಡುವು ಇನ್ನೂ ಕೂಡಿಬಂದಿಲ್ಲ.

ಕಡತದ ಸಾರ ಹೀಗಿದೆ. ಆಳಂದದ ಕಡೆಯ ಶಿವಭಕ್ತ ಏಕಾಂತದ ರಾಮಯ್ಯ ಇಲ್ಲಿಯ ಜೈನರೊಡನೆ ಪಂತ ಕಟ್ಟಿದ: ತನ್ನ ತಲೆ ಅರಿದಿಟ್ಟು ಮತ್ತೆ ಪಡೆದರೆ ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು. ಅದನ್ನು ಓಲೆಯಲ್ಲಿ ಬರೆಸಿಕೊಂಡ. ಕೊಯ್ಯುವುದಕ್ಕೆ ಮುಂಚೆಯೇ ಬರೆಸಿಕೊಂಡ ಎಂಬುದನ್ನು ಗುತ್ತಿಗೆದಾರರು ಗಮನಿಸಬೇಕು. ಏಳು ದಿನ ಕಳೆದು ತಲೆ ಗಾಯದ ಗುರುತೂ ಇಲ್ಲದೆ ಕೂಡಿತು. ಎದುರು ಪಕ್ಷ ಹಿಂಜರಿಯಿತು, ರಾಮಯ್ಯ ವಿಗ್ರಹ ಕೆಡವಿದ. ದೂರು ಬಿಜ್ಜಳನ ಓಲಗಕ್ಕೆ ಹೋಯಿತು. ಓಲೆ ಹಾಜರಾಯಿತು, ಜಯಪತ್ರ, ಅಂದರೆ ಇಂದಿನ ಎನ್‌ಒಸಿ, ಮಂಜೂರಾಯಿತು. ಮುಂದೆ ಚಾಲುಕ್ಯ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದತ್ತಿ ಬಿಟ್ಟರು. ಜೈನರ ವಾದಕ್ಕೆ ಮಾತ್ರ ಆ ಕಲ್ಲಿನಲ್ಲಿ ಜಾಗ ಸಿಗಲಿಲ್ಲ. ಕೆಡವಿದವರೇ ಬರೆಸುವ ಕಡತಗಳ ಲಕ್ಷಣ ಅಂದಿನಿಂದ ಬದಲಾಗಿಲ್ಲ.

ಇಷ್ಟರಿಂದ ಸಿದ್ಧವಾಗುವುದೇನು? ಇಂದು ಪರಂಪರೆ ಎಂದು ನಾವು ಕಾಯಬೇಕಾದದ್ದು ಅಂದಿನ ತೆರವು ಕಾರ್ಯಾಚರಣೆಯ ವರದಿ. ಇದನ್ನು ಅರಗಿಸಿಕೊಳ್ಳುವುದು ಕಷ್ಟವಾದ್ದರಿಂದಲೇ ಇರಬೇಕು, 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದವರು ಇತಿಹಾಸದ ತಂಟೆಗೆ ಹೋಗದೆ ಟೇಪು ಹಿಡಿದರು: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು.

ಈ ಟೇಪಿಗೆ ಸಿಗದವನು ಸರ್ವಜ್ಞ. ಅಬಲೂರು ತನ್ನವನೆನ್ನುತ್ತದೆ, ಮಾಸೂರು ಬಿಡುವುದಿಲ್ಲ. ತ್ರಿಪದಿಗಳನ್ನು ಜನರ ಬಾಯಲ್ಲಿಟ್ಟು ಹೋದ ಆಸಾಮಿ. ಬಾಯಿಯ ಸುತ್ತ ನಿಷೇಧಿತ ವಲಯ ಗುರುತಿಸುವುದು ಹೇಗೆ? 2009ರಲ್ಲಿ ಪ್ರತಿಮೆಯಾಗಿ ಬೆಂಗಳೂರಿಗೆ ತಿರುವಳ್ಳುವರ್ ಬಂದ, ಚೆನ್ನೈಗೆ ಇವನು ಹೋದ. ಪ್ರತಿಮೆಯಾದರೆ ಸಾಗಿಸಬಹುದು, ಮಾಲೆ ಹಾಕಬಹುದು, ರಸ್ತೆಗೂ ಅಡ್ಡಬಾರದು. ಅಭಿವೃದ್ಧಿಗೆ ಒಗ್ಗುವ ಪರಂಪರೆ ಇದೇ.

ಉಳಿದ ಕಡೆ ರಾಮಯ್ಯನ ವಿಧಾನವೇ ಚಾಲ್ತಿಯಲ್ಲಿದೆ, ಅರ್ಧ ಮಾತ್ರ: ತಲೆ ತೆಗೆಯುವುದು ಟೆಂಡರಿನಲ್ಲಿರುತ್ತದೆ, ಏಳನೆಯ ದಿನ ಇರುವುದಿಲ್ಲ. ಆದಕಾರಣ ಜೀರ್ಣೋದ್ಧಾರದ ಹುಮ್ಮಸ್ಸಿನಲ್ಲಿರುವ ಎಲ್ಲ ಊರುಗಳ ಸಮಿತಿಗಳಲ್ಲಿ ವಿನಂತಿ: ಶಾಸನಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ, ವೀರಗಲ್ಲನ್ನು ಚರಂಡಿಗೆ ಚಪ್ಪಡಿ ಮಾಡಬೇಡಿ. ಮಾಡಲೇಬೇಕೆಂದಿದ್ದರೆ, ಮೊದಲು ಒಮ್ಮೆ ಓದಿಸಿ.