ಬ್ಯಾಂಕಾಕಿನಾಗ ರೊಟ್ಟಿ ಸಿಗ್ತಾವೇನ್ರಿ?

ಹೌದಲ್ರೀ, ದುಬೈಗಿ ಹೊಂಟೀರಂತ? ಸುದ್ದಿ ಬಂತು. ಇಲ್ಲ ಅನಬ್ಯಾಡ್ರಿ. ಹೋದ ವಾರ ಜೇವರ್ಗಿ ಬಸ್ ಸ್ಟ್ಯಾಂಡ್ ಕಡಿ ಟ್ರಾವೆಲ್ಸ್ ಅಂಗಡ್ಯಾಗ ಎರಡು ತಾಸು ಕುಂತು ದುಬೈ, ಬ್ಯಾಂಕಾಕ್, ಸಿಂಗಾಪುರ, ಯುರೋಪ್ ಎಲ್ಲಾ ತಿರುಗ್ಯಾಡಿ ಬಂದೀರಿ. (ಒಂದು ರೂಪಾಯಿ ಖರ್ಚಿಲ್ಲ. ಚಾದ ರೊಕ್ಕಾನೂ ಅಂವನೇ ಕೊಟ್ಟಾನ.) ಎದ್ದು ಬರುವಾಗ ಏನಂದ್ರಿ? "ಮನ್ಯಾಗ ಕೇಳಿ ಹೇಳ್ತೀನಿ ತಮ್ಮಾ" ಅಂದ್ರಿ. ಕೇಳೀರೇನು ಮನ್ಯಾಗ?

ಇರ್ಲಿ ಬಿಡ್ರಿ, ತೊಗರಿ ಮಾರಿದ ರೊಕ್ಕಾ ಕೈಯಾಗ ಆಡೋ ಟೈಮಿನಾಗ ಯಾರ ಮನಸ್ಸು ನೆಲದ ಮ್ಯಾಲ ಇರ್ತದ? ಸಂಕ್ರಾಂತಿ ಆದ ಮ್ಯಾಲ ಆ ಅಂಗಡ್ಯಾಗ ಗದ್ದಲೋ ಗದ್ದಲ. ಒಂದೇ ಮೇಜಿನ ಮ್ಯಾಲ ಝೆರಾಕ್ಸ್, ಪ್ಯಾನ್ ಕಾರ್ಡ್, ಬೆಂಗಳೂರು ಸ್ಲೀಪರ್ ಬಸ್ಸಿನ ಟಿಕೆಟ್; ಗ್ವಾಡಿ ಮ್ಯಾಲ ಬುರ್ಜ್ ಖಲೀಫಾ. ಎಲ್ಲಾದಕ್ಕೂ ಹುಡುಗ ಒಬ್ಬನೇ.

ಆ ಹುಡುಗ ಬ್ಯಾಂಕಾಕಿನ ಸುದ್ದಿ ಎಲ್ಲಿಂದ ತರ್ತಾನ ಅಂತ ಎಂದಾದ್ರೂ ವಿಚಾರ ಮಾಡೀರೇನು? ನೀವು "ಅಲ್ಲಿ ರೊಟ್ಟಿ ಸಿಗ್ತಾವೇನು?" ಅಂತೀರಿ. ಅಂವ ಕಲಬುರಗಿ ದೊಡ್ಡ ಏಜೆಂಟಗ ಕೇಳ್ತಾನ. ಆ ಏಜೆಂಟ್ ಹೈದರಾಬಾದಿನ ಹೋಲ್‌ಸೇಲರ್‌ಗ ಕೇಳ್ತಾನ. ಹೋಲ್‌ಸೇಲರ್ ಬ್ಯಾಂಕಾಕಿನಾಗ ಗಾಡಿ, ಹೋಟೆಲ್, ಗೈಡ್ ಜೋಡಿಸಿಕೊಡೋ ಕಂಪನಿಗಿ ಕೇಳ್ತಾನ. (ಈ ಧಂಧಾದಾಗ ಅದಕ ಡಿಎಂಸಿ ಅಂತಾರ.)

ಅಲ್ಲಿ ಕುಂತ ಥಾಯ್ ಹೆಣ್ಮಗಳು ತಲಿ ಕೆರ್ಕೊಂಡು "ಇಂಡಿಯನ್ ಡಿನ್ನರ್ ಓಕೆ" ಅಂತ ಬರೀತಾಳ. ಅದು ಇಷ್ಟೂ ಫೋನ್ ದಾಟಿ ಜೇವರ್ಗಿ ಮುಟ್ಟೋದ್ರಾಗ "ಸಿಗ್ತಾವ್ರೀ ಕಾಕಾ, ಬಿಸಿ ಬಿಸಿ" ಆಗಿರ್ತದ. ಬಿಳಿಜ್ವಾಳದ್ದು ಅಂತ ಯಾರೂ ಅಂದಿಲ್ಲ ಮತ್ತ. ತಂದೂರಿ ಅದು!

ರೊಟ್ಟಿ ಸುದ್ದಿ ಹಂಗ ನಡೀತದ, ವೀಸಾ ಸುದ್ದಿ ನಡ್ಯಂಗಿಲ್ಲ. ಅದಕ ಟಿಮ್ಯಾಟಿಕ್ ಅಂತ ಒಂದು ಅದ, ವಿಮಾನ ಕಂಪನಿಗಳ ಸಂಘ ಐಯಾಟಾ ನಡಸ್ತದ. ಯಾವ ದೇಶದವ ಯಾವ ದೇಶಕ ಹೋಗ್ಲಾಕ ಏನೇನು ಕಾಗದ ಬೇಕು ಅನ್ನೋದೆಲ್ಲಾ ಅದರಾಗ. ಮೊದಲು ತಿಂಗಳ ತಿಂಗಳ ಅಚ್ಚಾಗೋ ಪುಸ್ತಕ ಇತ್ತು, ಈಗ ಕಂಪ್ಯೂಟರ್. ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನ ಕೌಂಟರಿನಾಗಿನ ಹುಡುಗಿ ನಿಮ್ಮ ಮಾರಿ ನೋಡಿ ಬಿಡಂಗಿಲ್ರಿ, ಇದನ್ನ ನೋಡಿ ಬಿಡ್ತಾಳ. ಕಾಗದ ಇಲ್ಲದವರನ್ನ ಒಯ್ದ್ರ ಕಂಪನಿಗೇ ದಂಡ, ಮ್ಯಾಲ ವಾಪಸ್ ಕರ್ಕೊಂಡು ಬರೋ ಉಸಾಬರಿ.

ನೀವೇನು ನೋಡ್ತೀರಿ? ರೀಲ್ಸ್! "ಥಾಯ್ಲೆಂಡಿಗಿ ಏನೂ ಬ್ಯಾಡಂತ ತಮ್ಮಾ, ಮೊಬೈಲ್‌ದಾಗ ಬಂದದ." ಯಾವಾಗಿಂದದು? 2023ರ ನವೆಂಬರ್‌ದಾಗ ವೀಸಾ ಬ್ಯಾಡ, 30 ದಿನ ಇರ್ರಿ ಅಂದ್ರು. 2024ರ ಜುಲೈದಾಗ 60 ದಿನ ಅಂದ್ರು. 2025ರ ಮೇ 1ರಿಂದ, ಬರೋಕಿಂತ ಮೊದಲು ಆನ್‌ಲೈನ್‌ದಾಗ ಅರೈವಲ್ ಕಾರ್ಡ್ ತುಂಬ್ರಿ ಅಂದ್ರು. ನಿಮ್ಮ ರೀಲ್ ಮಾಡಿದವ ಅಷ್ಟರಾಗ ಬೇರೆ ದೇಶಕ ಹೋಗಿರ್ತಾನ. ಅದಕೇ ಆ ಹುಡುಗ ಟಿಕೆಟ್ ತೆಗೆಯೋ ದಿನ ಮತ್ತೊಮ್ಮೆ ನೋಡ್ತಾನ, ಹೊರಡೋ ವಾರ ಇನ್ನೊಮ್ಮೆ ನೋಡ್ತಾನ.

ಈಗ ನಿಮ್ಮ ಪಾಸ್‌ಪೋರ್ಟ್ ತಗೀರಿ. ತಗೀರಿ ನೋಡೂಣು. (ಅಲ್ಮಾರದಾಗ ಸೀರಿ ಕೆಳಗ, ಹೊಲದ ಉತಾರಿ ಜೋಡಿ ಇರ್ತದ.) ನಿಮ್ಮ ಹೆಸರು ಶರಣಪ್ಪ ಅಂತ ಇಟ್ಕೊಳ್ರಿ. ಊರೆಲ್ಲಾ ನಿಮಗ ಹೊಸಮನಿ ಶರಣಪ್ಪ ಅಂತದ, ಮದುವಿ ಕಾರ್ಡಿನಾಗೂ ಹೊಸಮನಿ. ಪಾಸ್‌ಪೋರ್ಟಿನಾಗ? ಗಿವನ್ ನೇಮ್ ಅನ್ನೋ ಕಡಿ ಶರಣಪ್ಪ. ಸರ್‌ನೇಮ್ ಅನ್ನೋ ಕಡಿ ಬಟಾ ಬಯಲು.

ಹುಡುಗನ ಬೆರಳು ಆ ಖಾಲಿ ಜಾಗದ ಮ್ಯಾಲ ಬಂದು ನಿಂತಿತು ಅಂದ್ರ ತಿಳ್ಕೊಳ್ರಿ, ದುಬೈ ದೂರ ಆಯ್ತು. 2022ರ ನವೆಂಬರ್ 21ರಿಂದ ಯುಎಇದವರು, ಒಂದೇ ಹೆಸರಿದ್ದವರಿಗಿ ಟೂರಿಸ್ಟ್ ವೀಸಾ ಇಲ್ಲ ಅಂತ ಮಾಡ್ಯಾರ. "ಅರೆ, ಊರೆಲ್ಲಾ ನನಗ ಹೊಸಮನಿ ಅಂತದಲ್ಲೋ!" ಅಂತ ಅಂಗಡಿ ತಲಿ ಮ್ಯಾಲ ತಗೊಂತೀರಿ. ಹುಡುಗ ಏನು ಮಾಡಬೇಕ್ರಿ, ಅಂವೇನು ದುಬೈ ಶೇಖ್ ಏನು? ಮೊದಲು ಹೆಸರು ಪೂರಾ ಮಾಡ್ಸಿ ಹೊಸ ಪಾಸ್‌ಪೋರ್ಟ್ ತಗೋಬೇಕು. ಹಂಗೇ ತಾರೀಖೂ ನೋಡ್ರಿ, ಆರು ತಿಂಗಳಕಿಂತ ಕಮ್ಮಿ ಉಳಿದಿದ್ರ ಬಾಳ ದೇಶ ಒಳಗ ಬಿಡಂಗಿಲ್ಲ.

ಹೆಸರಿಂದು ಮುಗೀತು ಅನ್ರಿ, ಇನ್ನ ಬ್ಯಾಗ್. ಬ್ಯಾಗ್ ಕಟ್ಟೋರು ಯಾರು? ನಿಮ್ಮವ್ವ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪ ಖಾರ, ನಡೀತದ, ಹಾಕ್ರಿ. ಅಂಟಿನುಂಡಿ? ನಿಲ್ರಿ ನಿಲ್ರಿ. ಕಸಕಸಿ ಹಾಕ್ಯಾರೇನು? ಅನಾರಸಕ ಕಸಕಸಿ ಹಚ್ಯಾರೇನು? ದುಬೈದಾಗ ಅದು ನಡ್ಯಂಗಿಲ್ಲ. ಅಫೀಮಿನ ಗಿಡದ ಬೀಜಲ್ರೀ ಅದು. ನಮಗ ಮಸಾಲಿ, ಅವರಿಗಿ ಮಾದಕ ಪದಾರ್ಥ. ಇಲ್ಲಿ ಬಾಣಂತಿಗಿ ತಿನಿಸೋ ಉಂಡಿ ಅಲ್ಲಿ ಪೊಲೀಸರ ಮೇಜಿನ ಮ್ಯಾಲ ಕುಂತಿರ್ತದ.

ಎಲಿ ಅಡಿಕಿ ಚೀಲಾನೂ ಮನ್ಯಾಗೇ ಬಿಡ್ರಿ, ದುಬೈ ಕಸ್ಟಮ್ಸ್‌ದವರ ನಿಷೇಧದ ಪಟ್ಟಿಯೊಳಗ ಎಲಿ, ಪಾನ್ ಎರಡೂ ಅವ. ಒಣ ಕೊಬ್ಬರಿ ಬಟ್ಟಲ? ಅದು ವಿಮಾನದಾಗೇ ಹತ್ತಂಗಿಲ್ಲ. ಎಣ್ಣಿ ಜಾಸ್ತಿ, ತಾನೇ ಬಿಸಿಯಾಗಿ ಹೊತ್ಕೊಳ್ಳೋ ಸಾಮಾನು ಅಂತಾರ. ಸಿಂಗಾಪುರಕ್ಕಾದ್ರ ಚೂಯಿಂಗ್ ಗಮ್ಮೂ ಬ್ಯಾಡ, 1992ರಿಂದ ಬಂದ್ ಅದ. ಇಷ್ಟೆಲ್ಲಾ ಹುಡುಗ ಹೇಳ್ತಾನ. ನೀವು "ಹೂಂ ಹೂಂ" ಅಂತೀರಿ. ಹೂಂ ಅಂತಂತಲೇ ಕಿಸೆದಾಗಿನ ಗುಟ್ಕಾ ಚೀಟಿ ಮುಟ್ಟಿ ನೋಡ್ಕೊಂತೀರಿ, ನನಗ ಕಾಣಂಗಿಲ್ಲೇನು?

ಹೇಳೋದು ಅಂದ ಕೂಡ್ಲೇ ನೆನಪಾಯ್ತು. ಮೊದಲು ಅಂವ ಚೆಂದಾಗಿ ಪಿಡಿಎಫ್ ಮಾಡಿ ಕಳಿಸ್ತಿದ್ದ. ಹೋಟೆಲ್ ಹೆಸರು, ಪ್ಯಾಕೇಜಿನಾಗ ಏನದ, ಏನಿಲ್ಲ, ಕಷ್ಟಕಾಲಕ ಯಾರಿಗಿ ಫೋನ್ ಮಾಡಬೇಕು, ಎಲ್ಲಾ. ನೀವೇನು ಮಾಡಿದ್ರಿ? ಹೆಬ್ಬೆಟ್ಟಿನ ಚಿತ್ರ ಒತ್ತಿದ್ರಿ. ಓದಿದ್ರೇನು? ಬ್ಯಾಂಕಾಕಿನಾಗ ಮುಂಜಾನಿ ಆರಕ್ಕ ಹೋಟೆಲ್ ಮುಂದ ನಿಂತು, "ರೂಮ್ ಮಧ್ಯಾಹ್ನ ಎರಡಕ್ಕಂತೋ ಮಗನಾ" ಅಂತ ಇಲ್ಲಿ ನಾಕೂವರಿಗಿ ಅವನ್ನ ಎಬ್ಬಿಸಿದವರು ಯಾರು?

ಈಗ ಅಂವ ಶಾಣ್ಯಾ ಆಗ್ಯಾನ. ವಾಯ್ಸ್ ಮೆಸೇಜ್ ಕಳಿಸ್ತಾನ, ಒಂದರಾಗ ಒಂದೇ ಮಾತು. "ಕಾಕಾ, ರೂಮ್ ಎರಡು ಗಂಟಿಗಿ, ಅಲ್ಲಿತನಾ ಬ್ಯಾಗ್ ಕೆಳಗ ಇಟ್ಟು ಸುತ್ತಾಡ್ರಿ." "ಕಾಕಾ, ದುಬೈದಾಗ ಚೌಕೋನಿ ಮೂರು ಪಿನ್ನು, ನಿಮ್ಮ ಚಾರ್ಜರ್ ಕೂಡಂಗಿಲ್ಲ, ಅಡಾಪ್ಟರ್ ತಗೊಳ್ರಿ." ಕಿವಿಗಿ ಬಿದ್ದದ್ದು ತಲ್ಯಾಗ ಕುಂತ್ರೂ ಕುಂತೀತು ಅಂತ ಅವನ ಆಸೆ.

ಹೇಳಿದ್ದು ಕೇಳೋರು ನಮ್ಮ ಭಾಗದಾಗ ಇಲ್ಲಂತಲ್ಲ ಮತ್ತ. ಹಜ್‌ಗಿ ಹೋಗೋರನ್ನ ನೋಡ್ರಿ. ಹೊರಡೋಕಿಂತ ಮೊದಲೇ ತರಬೇತಿ ಶಿಬಿರ ಇರ್ತದ. ಇಹ್ರಾಮ್ ಹ್ಯಾಂಗ ಉಡಬೇಕು, ಮಿನಾದಾಗ ಏನು, ಅರಫಾತ್‌ದಾಗ ಏನು, ಕಳದ್ರ ಏನು ಮಾಡಬೇಕು ಅಂತ ಒಂದೊಂದೇ ಬಿಡಿಸಿ ಹೇಳ್ತಾರ. ಹೋಗಿ ಬಂದ ಹಾಜಿಗಳು ಓಣ್ಯಾಗೇ ಇರ್ತಾರ, ಅನುಮಾನ ಬಂದ್ರ ಅವರ ಮನಿ ಕಟ್ಟಿ ಹತ್ತೋದು. ಅವರೂ ಇದೇ ಹೈದರಾಬಾದಿನಿಂದ ವಿಮಾನ ಹತ್ತೋರು, ನೀವೂ ಅಲ್ಲಿಂದಲೇ. ಅವರು ಇಬಾದತ್ತಿಗಿ ಹೋಗ್ತಾರ, ಕೇಳ್ತಾರ. ನೀವು ಮಜಾಕ್ಕ ಹೋಗ್ತೀರಿ, ಅದಕ ಎಲ್ಲಾ ಮೊದಲೇ ಗೊತ್ತದ ನಿಮಗ.

"ಹೌದೋ, ನೀ ಹೋಗೀದಿ ಏನು ಅಲ್ಲಿ?" ಇದು ನಿಮ್ಮ ರಾಮಬಾಣ. ಎಂಥಾ ಏಜೆಂಟನೂ ಮೆತ್ತಗ ಆಗ್ತಾನ. ದೊಡ್ಡ ಏಜೆಂಟರನ್ನ ಹೊರದೇಶದ ಪ್ರವಾಸೋದ್ಯಮ ಇಲಾಖೆಯವರು, ಹೋಟೆಲಿನವರು ಕರ್ಕೊಂಡು ಹೋಗ್ತಾರ, ಫ್ಯಾಮ್ ಟ್ರಿಪ್ ಅಂತ. ಫುಕಟ್ ಮಜಾ ಅಂತ ಹೊಟ್ಟಿ ಉರ್ಕೋಬ್ಯಾಡ್ರಿ. ಒಂದೊಂದು ದಿನ ನಾಕೈದು ಹೋಟೆಲ್ ಹತ್ತಿ ಇಳಿದು, ಲಿಫ್ಟ್ ಅದನೋ ಇಲ್ಲೋ, ಬಾತ್‌ರೂಮಿನಾಗ ನೀರು ಅದನೋ ಬರೇ ಕಾಗದನೋ ಅಂತ ನೋಡ್ಕೊಂಡು ಬರಬೇಕು. (ನೀವು ಕೇಳ್ಲಾಕ ನಾಚ್ಕೊಳ್ಳೋದು ಅದೇ ಪ್ರಶ್ನೆ ಅಲ್ಲೇನು?) ಜೇವರ್ಗಿ ಹುಡುಗಗ ಆ ಭಾಗ್ಯ ಇನ್ನ ಬಂದಿಲ್ಲ. ಅಂವ ಮುಂಬೈ ಮೇಳಕ ಹೋಗಿ ಚೀಲ ತುಂಬ ಬ್ರೋಷರ್ ತರ್ತಾನ, ರಾತ್ರಿ ಆನ್‌ಲೈನ್ ಕ್ಲಾಸಿನಾಗ ಕುಂತು ಆಸ್ಟ್ರೇಲಿಯಾ ಕಲೀತಾನ.

ನೀವು ಎಲ್ಲಿ ಕಲ್ತೀರಿ? ಪಿಚ್ಚರ್‌ದಾಗ! 1978ರಾಗ 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ' ಬಂದಾಗ ವಿಷ್ಣುವರ್ಧನ್, ದ್ವಾರಕೀಶ್ ತೋರಿಸಿದ್ದೇ ಸಿಂಗಾಪುರ. ಇನ್ನ ಅಕ್ಕೋರಿಗಿ 'ಸಿಲ್‌ಸಿಲಾ'ದ ಹೂವಿನ ತೋಟಾನೇ ಬೇಕು. ಅದು ನೆದರ್‌ಲೆಂಡ್ಸ್‌ದ ಕ್ಯೂಕೆನ್‌ಹಾಫ್, ವರ್ಷದಾಗ ಎಂಟು ವಾರದಷ್ಟೇ ತೆರೆದಿರ್ತದ, ಮಾರ್ಚ್ ನಡುವಿನಿಂದ ಮೇ ನಡುವಿನತನಾ. ನೀವು ದಸರಾ ಸೂಟಿಗಿ ಬುಕ್ ಮಾಡ್ಲಾಕ ಬಂದೀರಿ. ಹೂವೇನು ಸಾಲಿ ಸೂಟಿ ನೋಡಿ ಅರಳ್ತಾವೇನ್ರಿ?

ಯುರೋಪ್ ಅಂದ್ರ ನಿಮ್ದು ಇನ್ನೊಂದು ಹಟ ಅದ: ಲಂಡನ್ನಿನ ಬಸವಣ್ಣನ ಮೂರ್ತಿ. ತಪ್ಪಲ್ಲ. ಥೇಮ್ಸ್ ದಂಡಿ ಮ್ಯಾಲ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಾಗ 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡ್ಯಾರ. ಅದಕ ಓಡ್ಯಾಡಿದವರು ಲ್ಯಾಂಬೆತ್‌ದ ಮಾಜಿ ಮೇಯರ್ ನೀರಜ್ ಪಾಟೀಲರು, ನಮ್ಮ ಕಲಬುರಗಿ ಕಡಿಯವರು. ಆದ್ರ ಹೈದರಾಬಾದಿನ ಪ್ಯಾಕೇಜಿನಾಗ ಐಫೆಲ್ ಟವರ್ ಅದ, ಚಾಕಲೇಟ್ ಫ್ಯಾಕ್ಟರಿ ಅದ, ಬಸವಣ್ಣ ಇಲ್ಲ. ಅದೂ ಅಲ್ದೆ ಶೆಂಗೆನ್ ವೀಸಾದ ಮ್ಯಾಲ 29 ದೇಶ ತಿರುಗಬಹುದು, ಲಂಡನ್ ಅದರಾಗ ಬರಂಗಿಲ್ಲ. ಅದಕ ಬ್ಯಾರೇ ವೀಸಾ, ಬ್ಯಾರೇ ರೊಕ್ಕಾ. ಪಾಪ, ಹುಡುಗ ಮ್ಯಾಪ್ ತೆಗೆದು, ಸಂಸತ್ ಭವನದಿಂದ ಸೇತುವಿ ದಾಟಿ ನಡಕೊಂತ ಹೋಗೋ ದಾರಿ ಹುಡುಕಿ ಇಟ್ಟಾನ. ಇದು ಯಾವ ಬ್ರೋಷರಿನಾಗೂ ಇಲ್ಲ.

ಬ್ಯಾಂಕಾಕ್, ಲಂಡನ್ನಿನ ಸುದ್ದಿ ಹ್ಯಾಂಗಾರ ಸಿಗ್ತದ್ರಿ. ಸಿಗದೇ ಇರೋದು ನಿಮ್ಮ ಮನಿ ಸುದ್ದಿ. "ಅವ್ವಗ ಮೊಣಕಾಲ ಹ್ಯಾಂಗದ್ರಿ?" ಅಂತ ಕೇಳ್ತಾನ. "ಗಟ್ಟಿ ಹಾಳ, ಏನಾಗಿಲ್ಲ" ಅಂತೀರಿ. ಪ್ಯಾರಿಸ್‌ದಾಗ ಮೊದಲನೇ ಮೆಟ್ಟಲಕ್ಕೇ ಅವ್ವ ಕುಂತು ಬಿಡ್ತಾಳ. "ಗುಳಿಗಿ ಏನಾರ ತಗೊಂತೀರೇನು?" ಅಂತ ಕೇಳ್ತಾನ. "ಏ, ಇಲ್ಲೋ" ಅಂತೀರಿ. ದುಬೈದಾಗ ಕೆಲವು ನೋವಿನ ಗುಳಿಗಿಗಿ ಮೊದಲೇ ಪರವಾನಗಿ ತಗೋಬೇಕು, ಅದಕ ಕೇಳ್ಯಾನ. ನಿಮ್ಮ ಶುಗರ್ ಲೆಕ್ಕ ಊರಾಗ ಹೇಳ್ಲಾಕಲ್ಲ.

ಕಡೀಕ ಕೊಟೇಶನ್ ಬಂತು. ಅವನ ಅಂಗಡಿ ಹೆಸರು ಕತ್ತರಿಸಿ, ಬರೇ ರೇಟ್ ಇದ್ದ ಭಾಗ ಕಲಬುರಗಿ ಇನ್ನೊಬ್ಬ ಏಜೆಂಟಗ ಕಳಿಸಿ "ಇದರಕಿಂತ ಕಮ್ಮಿ ಮಾಡ್ತೀರೇನು?" ಅಂದೀರಿ. (ಹೌದೋ ಅಲ್ಲೋ? ಮಾರಿ ತಿರುಗಸಬ್ಯಾಡ್ರಿ.) ಅಂವ ಯಾರಿಗಿ ಕೇಳ್ಯಾನ ಗೊತ್ತೇನು? ಅದೇ ಹೈದರಾಬಾದಿನ ಹೋಲ್‌ಸೇಲರ್‌ಗ. ಅದಕೇ ಎರಡರಾಗೂ ಒಂದೇ ಹೋಟೆಲ್, ಒಂದೇ ಗಾಡಿ, ಒಂದೇ ರೊಟ್ಟಿ. ಎರಡನೇದರಾಗ ಎರಡು ಸಾವಿರ ಕಮ್ಮಿ ಅದ ಅಂತೀರಾ? ಅದರಾಗ ನಾಷ್ಟಾ ಇಲ್ರಿ. ನಾಕನೇ ಪೇಜಿನ ಕೆಳಗ ಬರದಾರ, ಪಿಡಿಎಫ್ ತಗೀರಿ.