ಪಾದಯಾತ್ರಾ ಪೂರ್ವಸಿದ್ಧತಾ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಇರಲೇಬೇಕೆಂಬುದು ಹಿರಿಯರ ಕಟ್ಟಳೆ. ಮೊದಲು ಅದನ್ನು ತೀರಿಸಿಬಿಡೋಣ. ವಿಷಯ: ಯುಗಾದಿಗೆ ಶ್ರೀಶೈಲ ಮುಟ್ಟಲು ಬಿಸಿಲಲ್ಲಿ ನಡೆಯುವವರ ತಯಾರಿ. ಅಧಿಕಾರಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಮೊಣಕಾಲು ಇನ್ನೂ ಮಾತು ಕೇಳುತ್ತಿರುವ ಯಾರಾದರೂ. ಪ್ರಯೋಜನ: ಮಲ್ಲಯ್ಯನ ದರ್ಶನ. ಸಂಬಂಧ: ಗುಂಪಿನಲ್ಲಿ ಒಬ್ಬ ಸಂಬಂಧಿಕ ಇದ್ದೇ ಇರುತ್ತಾನೆ, ದಾರಿಯುದ್ದಕ್ಕೂ ಹೊಲದ ಬದುವಿನ ಹಳೇ ತಂಟೆ ತೆಗೆಯುವವನು ಅವನೇ.

ಪೂರ್ವಸೂರಿಗಳಿಂದ ನಮಗೆ ಸಿಗುವ ನೆರವು ಕಡಿಮೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ತನ್ನ ‘ಕವಿರಾಜಮಾರ್ಗ’ದಲ್ಲಿ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಳೆದುಕೊಟ್ಟ. ಆ ನಾಡಿನಲ್ಲಿ ಬೇಸಿಗೆಯಲ್ಲಿ ನಡೆಯುವವನು ಹೊಸ ಚಪ್ಪಲಿ ಮೆಟ್ಟಬೇಕೋ ಹಳೆಯದೋ ಎಂಬ ಬಗ್ಗೆ ಮಾತ್ರ ಮೌನ ವಹಿಸಿದ. ಶ್ರೀಶೈಲದ ದಾರಿ ಹಿಡಿದ ಅಕ್ಕಮಹಾದೇವಿಯ ಹತ್ತಿರ ಸಾಮಾನೇ ಇರಲಿಲ್ಲ. ಪವರ್ ಬ್ಯಾಂಕ್ ಹೊತ್ತ ಇಂದಿನ ವಿದ್ವಾಂಸರು ಅದನ್ನು ಪ್ರಮಾಣವೆಂದು ಒಪ್ಪುವುದಿಲ್ಲ.

ಇನ್ನು ಕಾಲನಿರ್ಣಯ. ಹೋಳಿಹುಣ್ಣಿಮೆಗೂ ಯುಗಾದಿಗೂ ನಡುವೆ ಒಂದು ಪಕ್ಷ. ಅಷ್ಟರಲ್ಲಿ ತೊಗರಿ ರಾಶಿಯಾಗಿ ಹೊಲ ಬೋಳಾಗಿರುತ್ತದೆ, ಕರಿಮಣ್ಣು ಬಿರುಕು ಬಿಟ್ಟಿರುತ್ತದೆ, ನೆರಳೆಂದರೆ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಆಗಲೇ ಮಲಗಿರುವ ಇನ್ನೊಂದು ಗುಂಪು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಾಗುತ್ತದೆ. ಇದು ಫ್ಯಾನಿನ ಕೆಳಗೆ ಕೂತವರಿಗೆ. ಮಲ್ಲಯ್ಯನ ಕಂಬಿ ಹೊತ್ತು ನಡೆಯುವವರು ಯಾವ ಸುತ್ತೋಲೆಗೂ ಕಾಯದೆ ನಸುಕಿನ 3ಕ್ಕೆ ಎದ್ದು, 10ರೊಳಗೆ ನೆರಳು ಸೇರಿ, ಹೊತ್ತು ಇಳಿದ ಮೇಲೆ ಮತ್ತೆ ಹೊರಡುತ್ತಾರೆ.

ಪಾದಸಂಸ್ಕಾರದ ವಿಷಯದಲ್ಲಿ ಘೋರ ಮತಭೇದವಿದೆ. ಶಹಾಬಾದ್ ಪಂಥದ ಪ್ರಕಾರ ಅಂಗಾಲನ್ನು ಮೊದಲೇ ಬೇಯಿಸಿಕೊಳ್ಳಬೇಕು. ನಡುಮಧ್ಯಾಹ್ನ ಫರಸಿ ಹಾಸಿದ ಅಂಗಳದಲ್ಲಿ ಬರಿಗಾಲಲ್ಲಿ ನಿಂತವನಿಗೆ ಮುಂದೆ ಡಾಂಬರು ರಸ್ತೆ ಮೆತ್ತಗೆ ಕಾಣುತ್ತದೆ ಎಂಬುದು ಅವರ ವಾದ. ಚಿತ್ತಾಪುರದವರ ಆಕ್ಷೇಪ ಹೀಗಿದೆ: ಸುಟ್ಟ ಅಂಗಾಲು ಗಟ್ಟಿಯಾಗುವುದಿಲ್ಲ, ಬೊಕ್ಕೆ ಏಳುತ್ತದೆ, ಯಾತ್ರೆ ಅಂಗಳದಲ್ಲೇ ಮುಗಿಯುತ್ತದೆ. ಚಿತ್ತಾಪುರದವರ ಮಾತೇ ಸರಿ. ಮರಗಾಲು ಕಟ್ಟಿಕೊಂಡು ಶ್ರೀಶೈಲಕ್ಕೆ ನಡೆಯುವ ಭಕ್ತರು ಉತ್ತರ ಕರ್ನಾಟಕದಲ್ಲಿ ಇದ್ದಾರೆ. ಅವರಿಗೆ ಬೊಕ್ಕೆಯ ಪ್ರಶ್ನೆಯೇ ಬರುವುದಿಲ್ಲ ಎಂದು ಕೆಲವರು ತರ್ಕಿಸುತ್ತಾರೆ. ಹಾಗೆ ತರ್ಕಿಸುವವರು ಮರಗಾಲು ಏರಿದವರಲ್ಲ.

ಚಿಂಚೋಳಿಯವರದು ಬೇರೆಯೇ ಹಮ್ಮು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಅವರ ಹಿತ್ತಲಲ್ಲಿದೆ, ಆದ್ದರಿಂದ ಕಾಡು ತಮಗೆ ಹೊಸದಲ್ಲ ಎನ್ನುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರದಲ್ಲಿ ನಲ್ಲಮಲ ಹೊಕ್ಕು, ನಾಗಲೂಟಿ, ಪೆಚ್ಚೆರುವು ಮುಗಿಸಿ, ಭೀಮನಕೊಳ್ಳ ಇಳಿದು ಕೈಲಾಸದ್ವಾರಕ್ಕೆ ಏರುವ ಹೊತ್ತಿಗೆ ಈ ವಾದ ತಾನಾಗಿ ನಿಲ್ಲುತ್ತದೆ. ಅದು ಹುಲಿಯ ಕಾಡು ಬೇರೆ.

ಹೊರೆಯ ಬಗ್ಗೆ ಈ ಪ್ರಬಂಧಕಾರನದೇ ಒಂದು ಸೂತ್ರವಿದೆ: ತಯಾರಿ ಹೆಚ್ಚಾದಷ್ಟೂ ವಾಡಿ ಹತ್ತಿರ. ಸೇಡಂ, ಚಿತ್ತಾಪುರದ ಹಳಿ ಮುಂಬೈ–ಚೆನ್ನೈ ಹಳಿಗೆ ಕೂಡುವುದು ವಾಡಿ ಜಂಕ್ಷನ್ನಿನಲ್ಲಿ. ಎರಡು ಬ್ಯಾಗು, ಮಡಚುವ ಕುರ್ಚಿ, ಬ್ಯಾಟರಿ ಫ್ಯಾನು ಹೊತ್ತವನು ನೀರು ತುಂಬಿಕೊಂಡು ಬರುತ್ತೇನೆಂದು ಸ್ಟೇಷನ್ನಿಗೆ ಹೋಗುತ್ತಾನೆ, ರಾಯಚೂರು ಕಡೆಯ ಗಾಡಿ ಎಷ್ಟಕ್ಕೆಂದು ಕೇಳಿಕೊಂಡು ಬರುತ್ತಾನೆ. ಭಕ್ತಿಯಲ್ಲಿ ಕೊರತೆ ಇಲ್ಲ, ಹೆಗಲಲ್ಲಿ ಇದೆ.

ಈ ಸೂತ್ರಕ್ಕೆ ಪ್ರತ್ಯುದಾಹರಣೆ ಸೇಡಂ ಕಡೆಯ ಅಜ್ಜಿಯ ಗಂಟು. ಬಿಚ್ಚಿದರೆ: ಹಳೇ ಧೋತರದಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ, ಬೆಲ್ಲದ ಹೆಂಟೆ, ಗಿಡ್ಡ ಬಾಟಲಿಯಲ್ಲಿ ಹರಳೆಣ್ಣೆ. ಎಲ್ಲಕ್ಕೂ ಕೆಳಗೆ, ಮಡಿಕೆ ಮುರಿಯದ ಒಂದು ಹಸಿರು ಕಣ. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮ ಕಡೆಯ ಮಗಳೆಂದು ಈ ಭಕ್ತರ ನಂಬಿಕೆ. ಮಗಳ ಮನೆಗೆ ಬರಿಗೈಲಿ ಹೋಗುವುದುಂಟೇ?

ಮೊಮ್ಮಗ ಓಆರ್‌ಎಸ್ ಪಾಕೀಟು ತೋರಿಸಿದ. ಅಜ್ಜಿಯದು ಶಬ್ದಪ್ರಮಾಣ: “ಬೆಲ್ಲ, ಉಪ್ಪ, ನಿಂಬಿಹಣ್ಣ ನೀರಾಗ ಹಾಕಿ ಕುಡದ್ರ ಆಗಂಗಿಲ್ಲೇನೋ ತಮ್ಮಾ? ಇದಕ್ಯಾಕ ರೊಕ್ಕ ಕೊಟ್ಟಿ?” ವೈದ್ಯರು ಹೇಳುವ ಮನೆಮದ್ದೂ ಅದೇ ಜಾತಿಯದು: ಒಂದು ಲೀಟರ್ ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಳ್ಳಾಗಡ್ಡಿ ಕಿಸೆಯಲ್ಲಿದ್ದರೆ ಝಳ ಬಡಿಯುವುದಿಲ್ಲ ಎಂಬ ಆಕೆಯ ಇನ್ನೊಂದು ವಚನವನ್ನು ಮಾತ್ರ ಈ ಪ್ರಬಂಧ ಒಪ್ಪುವುದಿಲ್ಲ. ಉಳ್ಳಾಗಡ್ಡಿಯ ಜಾಗ ರೊಟ್ಟಿಯ ಪಕ್ಕ. ನಡೆಯುವವನ ಮೈ ಕಾದು, ಮಾತು ಅಡ್ಡಾದಿಡ್ಡಿಯಾದರೆ ಶಾಸ್ತ್ರಚರ್ಚೆ ನಿಲ್ಲಿಸಿ, ನೆರಳಿಗೆ ಎಳೆದು, ಮೈಮೇಲೆ ತಣ್ಣೀರು ಸುರಿದು ದವಾಖಾನೆಗೆ ಒಯ್ಯಬೇಕು. ಇದರಲ್ಲಿ ಮತಭೇದವಿಲ್ಲ.

ನಡೆಯಲಾರದ ಓದುಗರಿಗೆ ಒಂದು ವಿನಂತಿ. ನಿಮ್ಮ ಮನೆ ರಸ್ತೆಯ ಮಗ್ಗುಲಿಗಿದ್ದರೆ ಹೋಳಿಯ ಮರುದಿನವೇ ಎರಡು ಮಣ್ಣಿನ ಕೊಡ ತುಂಬಿ ಹೊರಗಿಡಿ. ಲೋಟಕ್ಕೆ ಸರಪಳಿ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೂ ಶ್ರೀಶೈಲಕ್ಕೆ ಹೋಗುತ್ತದೆ.