ಮೊಗಸಾಲೆಯ ಶಿಲಾಶಾಸನ

ಪ್ರಾಚೀನವಾದ ಊರಿನಲ್ಲಿ ಪ್ರಾಚೀನವಾದ ಕಾಲೇಜೊಂದಿದ್ದರೆ, ಓದುವ ವಿದ್ಯಾರ್ಥಿಗಳು, ಓದದ ವಿದ್ಯಾರ್ಥಿಗಳು ಎಂಬ ಸರ್ವತ್ರ ಪ್ರಸಿದ್ಧವಾದ ಎರಡು ವರ್ಗಗಳಲ್ಲದೆ, ತನಗಿಂತ ಹಿಂದೆ ಅಲ್ಲಿ ಓದಿಹೋದವರೆಲ್ಲರ ಓದನ್ನೂ ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸುತ್ತ, ಅದಕ್ಕೆ ಸ್ವಾರ್ಜಿತವಾಗಿ ಒಂದು ಕಾಸನ್ನೂ ಸೇರಿಸುವ ಅಗತ್ಯವನ್ನು ಕಾಣದೆ, ಪರಮ ಸಂತುಷ್ಟಿಯಿಂದ ಕಾಲಯಾಪನೆ ಮಾಡುವ ಮೂರನೆಯ ವರ್ಗವೊಂದು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಹೊಸ ಊರಿನ ಹೊಸ ಕಾಲೇಜುಗಳಲ್ಲಿ ಈ ಜಾತಿ ಬದುಕಲಾರದು. ಅಲ್ಲಿ ಅದಕ್ಕೆ ಆಹಾರವಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಾದರೋ ಗೋಡೆಗೊಂದು ಇಸವಿ, ಕಂಬಕ್ಕೊಬ್ಬ ಆಚಾರ್ಯರು, ಬೆಂಚಿಗೊಬ್ಬ ಕವಿ ಇರುವುದರಿಂದ ಅದು ಹುಲುಸಾಗಿ ಬೆಳೆದಿದೆ.

ಈ ವರ್ಗದ ಉತ್ತಮೋತ್ತಮ ಮಾದರಿಯೆಂದು ನಾನು ನಿಸ್ಸಂಕೋಚವಾಗಿ ಹೆಸರಿಸಬಹುದಾದ ಮಹಾಶಯನು ಐವತ್ತರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ಬಿ.ಎ. ತರಗತಿಯಲ್ಲಿದ್ದನು, ಓದುತ್ತಿದ್ದನು ಎಂದು ಬರೆಯಲು ಲೇಖನಿ ಒಪ್ಪುವುದಿಲ್ಲ. ತಾಯಿತಂದೆಗಳಿಟ್ಟ ಹೆಸರನ್ನು ಅಧ್ಯಾಪಕರು ದಿನವೂ ಹಾಜರಿಯ ವೇಳೆಯಲ್ಲಿ ಕೂಗುತ್ತಿದ್ದರೂ, ಅದಕ್ಕೆ ಓಗೊಡುತ್ತಿದ್ದುದು ಸ್ನೇಹಿತರಲ್ಲಿ ಯಾರಾದರೊಬ್ಬರ ಕಂಠವಾದ್ದರಿಂದ, ಆ ಹೆಸರಿಗೂ ಅವನಿಗೂ ಇದ್ದ ಸಂಬಂಧ ಕ್ರಮೇಣ ಸಡಿಲವಾಗಿ, ಕಾಲೇಜಿನ ಸಮಸ್ತರ ಬಾಯಲ್ಲಿ ಅವನು ‘ಶಿಲಾಶಾಸನ’ವೆಂದೇ ಪ್ರಖ್ಯಾತನಾಗಿದ್ದನು. ಮೊಗಸಾಲೆಯ ಕಂಬವೊಂದಕ್ಕೆ ಬೆನ್ನುಕೊಟ್ಟು ಬೆಳಗಿನಿಂದ ಬೈಗಿನವರೆಗೆ ಅಲುಗದೆ ನಿಲ್ಲುವುದು, ಹತ್ತಿರ ಬಂದವರಿಗೆಲ್ಲ ಇಸವಿಸಮೇತ ಪೂರ್ವಿಕರ ಕೀರ್ತಿಯನ್ನು ಸಾರುವುದು, ಎಷ್ಟು ಮಳೆಗಾಲ ಕಳೆದರೂ ಇದ್ದಲ್ಲಿಯೇ ಇರುವುದು, ಈ ಲಕ್ಷಣಗಳನ್ನು ಕಂಡ ಮೇಲೆ ಬೇರೆ ಹೆಸರನ್ನು ಯಾರಾದರೂ ಹುಡುಕುವುದುಂಟೆ? ಇಸ್ತ್ರಿ ಮಾಡಿದ ಪೈಜಾಮ, ಮೇಲೊಂದು ಬಿಳಿಯ ಅಂಗಿ, ಕಂಕುಳಲ್ಲಿ ಒಂದು ನೋಟುಬುಕ್ಕು. ಆ ನೋಟುಬುಕ್ಕನ್ನು ಅವನು ಬಿಡಿಸಿದ್ದನ್ನು ಕಂಡವರು ನನಗೆ ಸಿಕ್ಕಿಲ್ಲ.

ಜೂನ್ ಕೊನೆಗೆ ಕಾಲೇಜು ತೆರೆದು, ಹಾಸನ, ಮಂಡ್ಯ, ಕಡೂರುಗಳ ಕಡೆಯಿಂದ ತಗಡಿನ ಟ್ರಂಕು, ಜಮಖಾನದಲ್ಲಿ ಸುತ್ತಿದ ಹಾಸಿಗೆಗಳೊಡನೆ ಬಂದಿಳಿದ ಹೊಸ ಹುಡುಗರು ಆಫೀಸು ಯಾವುದು, ತರಗತಿ ಯಾವುದು ಎಂದು ತಿಳಿಯದೆ ಬೆದರುಗಣ್ಣಿನಿಂದ ಸುತ್ತುತ್ತಿರುವಾಗ, ಶಾಸನವು ಕಂಬದಿಂದ ಕಳಚಿಕೊಂಡು ಚಲಿಸತೊಡಗುತ್ತಿತ್ತು. ಫೀಸು ಕಟ್ಟುವ ಕಿಟಕಿ ಎಲ್ಲಿ ಎಂದು ಕೇಳಿದವನು ಆ ಕಿಟಕಿಯನ್ನು ಸೇರುವುದರೊಳಗಾಗಿ, 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ರಾಜಾ ಸ್ಕೂಲಿನಿಂದ ಹೊರಟು, 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಈ ಕಟ್ಟಡಕ್ಕೆ ಅಡಿಗಲ್ಲಿಟ್ಟುದನ್ನು ದಾಟಿ, ಪರೀಕ್ಷೆಗಳಿಗೆ ಮದರಾಸಿನ ಮುಖ ನೋಡಬೇಕಾಗಿದ್ದ ದುಃಸ್ಥಿತಿಯನ್ನು ನೆನೆದು ನಿಟ್ಟುಸಿರಿಟ್ಟು, 1916ರಲ್ಲಿ ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ ಸೇರಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಶುಭಮುಹೂರ್ತಕ್ಕೆ ಬಂದು, ಮೊದಲ ವೈಸ್ ಛಾನ್ಸಲರಾದ ಎಚ್.ವಿ. ನಂಜುಂಡಯ್ಯನವರಿಗೆ ಕೈಮುಗಿಯಬೇಕಾಗಿತ್ತು. ಅಷ್ಟು ಹೊತ್ತಿಗೆ ಕಿಟಕಿ ಮುಚ್ಚಿರುತ್ತಿತ್ತು. “ಚಿಂತೆಯಿಲ್ಲಪ್ಪ, ನಾಳೆ ಬಾ, ಮಿಕ್ಕದ್ದನ್ನು ಹೇಳ್ತೇನೆ” ಎಂದು ಶಾಸನವು ಅಭಯವೀಯುತ್ತಿತ್ತು.

ಬೆಂಚಿನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಕುವೆಂಪು ಅವರು ಈ ಕಾಲೇಜಿನಲ್ಲಿಯೇ ಓದಿ 1929ರಲ್ಲಿ ಎಂ.ಎ. ಮುಗಿಸಿದವರು, ಇಲ್ಲಿಯೇ ಅಧ್ಯಾಪಕರಾದವರು, ಪ್ರಿನ್ಸಿಪಾಲರಾದವರು, 1956ರಲ್ಲಿ ವಿಶ್ವವಿದ್ಯಾನಿಲಯದ ಚುಕ್ಕಾಣಿಯನ್ನೇ ಹಿಡಿದವರು. ಇಷ್ಟು ಲೋಕವಿದಿತವಾದುದು. ಲೋಕಕ್ಕೆ ತಿಳಿಯದೆ ನಮ್ಮವನೊಬ್ಬನಿಗೇ ತಿಳಿದಿದ್ದುದೆಂದರೆ ವಿದ್ಯಾರ್ಥಿದೆಸೆಯಲ್ಲಿ ಅವರು ಕುಳಿತಿದ್ದ ಬೆಂಚು. ಮೊದಲ ವರ್ಷ ಅದು ಕಿಟಕಿಯ ಪಕ್ಕದಲ್ಲಿತ್ತು. ಹೊರಗಿನ ಮರಗಳನ್ನು ನೋಡುತ್ತ ಕವಿಗೆ ಮಲೆನಾಡು ನೆನಪಾಗುತ್ತಿತ್ತೆಂದು ಅವನು ಕಾರಣವನ್ನೂ ಒದಗಿಸಿದ್ದನು. ಮರುವರ್ಷ ಆ ಬೆಂಚಿನ ಕಾಲು ಮುರಿದು, ಜವಾನನು ಅದನ್ನು ಉಗ್ರಾಣಕ್ಕೆ ಹೊತ್ತುಕೊಂಡು ಹೋದ ತರುವಾಯ ಕವಿಸ್ಥಾನವು ಹಿಂದಿನ ಸಾಲಿಗೆ ಸರಿಯಿತು; ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಪ್ರತಿಭೆಯ ಲಕ್ಷಣವೆಂದು ಆ ವರ್ಷವೇ ನಾವೆಲ್ಲರೂ ತಿಳಿದುಕೊಂಡದ್ದು. ಮೂರನೆಯ ವರ್ಷ ಅದು ಬೇರೆ ಕೊಠಡಿಯಲ್ಲಿಯೇ ಪ್ರತ್ಯಕ್ಷವಾಯಿತು. ಕವಿಗಳು ಆಗ ಊರಿನಲ್ಲಿಯೇ ಇದ್ದರಲ್ಲ, ಅವರನ್ನೇ ಕೇಳಿ ಸಂಶಯವನ್ನು ಪರಿಹರಿಸಿಕೊಳ್ಳಬಾರದೆ ಎಂದು ಒಬ್ಬ ಅರಸಿಕನು ಸೂಚಿಸಿದಾಗ, “ಅವರಿಗೆ ಜ್ಞಾಪಕವಿರುತ್ತದೆಯೇನಯ್ಯ? ಅವರು ಓದುತ್ತಿದ್ದರು, ಬೆಂಚನ್ನು ನೋಡುತ್ತಿದ್ದರೆ?” ಎಂದು ಶಾಸನವು ಗದರಿಸಿತು. ಈ ತರ್ಕಕ್ಕೆ ನಾನು ಇಂದಿಗೂ ಉತ್ತರವನ್ನು ಹುಡುಕುತ್ತಿದ್ದೇನೆ.

ರಾಧಾಕೃಷ್ಣನ್ ಅವರ ಸಾರೋಟಿನದು ಇನ್ನೊಂದು ಪ್ರಕರಣ. 1918ರಿಂದ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ ತಾವೇ ಸಾರೋಟನ್ನು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ಮೈಸೂರಿನಲ್ಲಿ ಹಸುಳೆಗಳಿಗೂ ಗೊತ್ತು. ನಮ್ಮವನ ಸೋದರಮಾವನು ಎಡಗಡೆಯ ಮುಂದಿನ ಹಗ್ಗವನ್ನು ಹಿಡಿದಿದ್ದನಂತೆ. ಇದನ್ನು ನಾನು ನಂಬಲು ಸಿದ್ಧನಾಗಿಯೇ ಇದ್ದೆ; ಆದರೆ ಮೈಸೂರಿನಲ್ಲಿ ನಾನು ಭೇಟಿಯಾದ ವಯಸ್ಸಾದ ಸದ್ಗೃಹಸ್ಥರಲ್ಲಿ ಅರ್ಧಕ್ಕರ್ಧ ಮಂದಿ ಅದೇ ಹಗ್ಗವನ್ನು ಅದೇ ಕಡೆಯಲ್ಲಿ ಹಿಡಿದಿದ್ದವರಾದ್ದರಿಂದ, ಅಷ್ಟು ಜನ ಕೈಹಚ್ಚಿದ್ದರೆ ಸಾರೋಟು ರೈಲ್ವೆ ನಿಲ್ದಾಣದಲ್ಲಿ ನಿಲ್ಲುವ ಕಾರಣವೇ ಇರಲಿಲ್ಲ, ನೇರವಾಗಿ ಕಲ್ಕತ್ತೆಯನ್ನೇ ಮುಟ್ಟಬಹುದಾಗಿತ್ತು ಎಂಬ ಅನುಮಾನ ಒಮ್ಮೊಮ್ಮೆ ಬಂದದ್ದುಂಟು. ಅದು ಹಾಗಿರಲಿ. ತತ್ತ್ವಶಾಸ್ತ್ರದ ತರಗತಿಗೆ ಹೋಗದಿರುವುದಕ್ಕೆ ಶಾಸನವು ಕೊಡುತ್ತಿದ್ದ ಸಮರ್ಥನೆಯೂ ಇಲ್ಲಿಂದಲೇ ಹುಟ್ಟಿದುದು: ರಾಧಾಕೃಷ್ಣನ್, ಹಿರಿಯಣ್ಣ ಮೊದಲಾದವರ ಕಾಲದ ಪಾಠವನ್ನು ಕಲ್ಪನೆಯಲ್ಲಿ ಕೇಳಿದ ಕಿವಿಗೆ ಈಗಿನ ಪಾಠ ರುಚಿಸುವುದೆ?

ಇತಿಹಾಸವು ಅವನ ಐಚ್ಛಿಕ ವಿಷಯ. ಆ ತರಗತಿಗೆ ಅವನು ವರ್ಷಕ್ಕೊಮ್ಮೆ, ಕಟ್ಟಡದ ಯೋಗಕ್ಷೇಮವನ್ನು ವಿಚಾರಿಸಲೋ ಎಂಬಂತೆ, ಆಗಮಿಸುತ್ತಿದ್ದನು. ಅಂಥದೊಂದು ಪುಣ್ಯದಿನದಲ್ಲಿ ಅಧ್ಯಾಪಕರು ಅವನನ್ನು ಎಬ್ಬಿಸಿ ನಿಲ್ಲಿಸಿ ಕೇಳಿದರು:

“ಏನಯ್ಯ, ತಾಳಿಕೋಟೆಯ ಯುದ್ಧ ಆದದ್ದು ಯಾವಾಗ?”

“ಸಾರ್, ಈ ಕಟ್ಟಡಕ್ಕೆ ಅಡಿಗಲ್ಲು ಹಾಕುವುದಕ್ಕೆ 324 ವರ್ಷ ಮುಂಚೆ, ಸಾರ್.”

ಅಧ್ಯಾಪಕರು ಸೀಮೆಸುಣ್ಣವನ್ನು ತೆಗೆದುಕೊಂಡು ಕಪ್ಪುಹಲಗೆಯ ಮೂಲೆಯಲ್ಲಿ ಕಳೆದು ನೋಡಿದರು. 1565. ಸರಿಯಾಗಿತ್ತು.

“ಇಸವಿ ಸರಿಯಪ್ಪ. ಯುದ್ಧ ಯಾತಕ್ಕಾಯಿತು?”

“ಅದು ಕಾಲೇಜಿಗೆ ಸಂಬಂಧಪಟ್ಟದ್ದಲ್ಲ, ಸಾರ್.”

ಅವನು ಪರೀಕ್ಷೆಗಳಲ್ಲಿ ಪಟ್ಟ ಪಾಡಿನ ಮರ್ಮವೆಲ್ಲ ಈ ಸಂವಾದದಲ್ಲಿ ಅಡಗಿದೆ. ಪ್ರಶ್ನಪತ್ರಿಕೆಯನ್ನು ತಯಾರಿಸುವವರು ಕಾರಣಗಳನ್ನು ವಿವರಿಸಿ, ಪರಿಣಾಮಗಳನ್ನು ನಿರೂಪಿಸಿ ಎಂದು ಕೇಳುತ್ತಾರೆಯೇ ಹೊರತು, ಯಾವ ಮಹಡಿಯನ್ನು ಯಾವಾಗ ಕಟ್ಟಿದರೆಂದು ಕೇಳುವ ಔದಾರ್ಯವನ್ನು ತೋರುವುದಿಲ್ಲ. ಅರ್ಥಶಾಸ್ತ್ರದ ಪತ್ರಿಕೆಯಲ್ಲಂತೂ ಅವನಿಗೆ ಆದ ಅನ್ಯಾಯ ಘೋರವಾದುದು. ಊರಿಗೆ ಬಂದ ನೆಂಟರಿಷ್ಟರನ್ನೆಲ್ಲ ಓರಿಯೆಂಟಲ್ ಲೈಬ್ರರಿಗೆ ಕರೆದುಕೊಂಡು ಹೋಗಿ, ಶಾಮಶಾಸ್ತ್ರಿಗಳು ಕೌಟಿಲ್ಯನ ಗ್ರಂಥವನ್ನು ತಾಳೆಯೋಲೆಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿ ಜಗತ್ತನ್ನೇ ಬೆರಗುಗೊಳಿಸಿದ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದವನು, ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟ ಊರಿನಲ್ಲಿಯೇ ಅರ್ಥಶಾಸ್ತ್ರದಲ್ಲಿ ಎರಡು ಬಾರಿ ನಪಾಸಾದನು.

ಆದರೂ ಅವನು ಎದೆಗುಂದಲಿಲ್ಲ. ಮಾರ್ಚಿ ಪರೀಕ್ಷೆಯ ಫಲಿತಾಂಶ ಬಂದ ಸಂಜೆ, ಮಿಕ್ಕವರು ಮುಖ ಮರೆಸಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗುತ್ತಿದ್ದರೆ, ಅವನು ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರಿಗೆ ಹಂಚಿಸಿ, ಆರ್.ಕೆ. ನಾರಾಯಣರಂಥವರೇ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಈ ಕಾಲೇಜಿಗೆ ಸೇರಿದ ಮೇಲೂ ಬಿ.ಎ.ಗೆ ರೂಢಿಗಿಂತ ಒಂದು ವರ್ಷ ಹೆಚ್ಚಾಗಿ ತೆಗೆದುಕೊಂಡರೆಂಬ ಪೂರ್ವನಿದರ್ಶನವನ್ನು ಮುಂದಿಟ್ಟು, ನಪಾಸಾದವರೆಲ್ಲರಲ್ಲಿಯೂ ಕಾದಂಬರಿಕಾರನಾಗುವ ಸಾಮಗ್ರಿ ಇದೆಯೆಂದು ಸಿದ್ಧಾಂತ ಮಾಡಿದನು. ಆ ಮಾತಿನಿಂದ ಒಂದು ವರ್ಷ ಸುಖವಾಗಿ ಕಳೆಯಿತು. ಎರಡನೆಯ ಹೆಚ್ಚುವರಿ ವರ್ಷ ಬಂದಾಗ ಯಾವ ಮಹಾಪುರುಷರ ನಿದರ್ಶನವೂ ಸಿಕ್ಕದೆ, ಅವನು ಆ ವಿಷಯವನ್ನು ಎತ್ತುವುದನ್ನೇ ಬಿಟ್ಟನು.

ದಸರೆಯಲ್ಲಿ ಅವನ ತಂದೆ ಕೃಷ್ಣರಾಜನಗರದ ಕಡೆಯ ಹಳ್ಳಿಯಿಂದ ಒಂದು ಮೂಟೆ ಅಕ್ಕಿ, ಒಂದು ಡಬ್ಬಿ ಚಕ್ಕುಲಿ, ಇಬ್ಬರು ಅತ್ತೆಯರು ಮತ್ತು ಎಣಿಕೆಗೆ ಸಿಕ್ಕದ ಮಕ್ಕಳೊಡನೆ ಬಂದು, ಚಾಮುಂಡಿಪುರದ ಅವನ ಬಾಡಿಗೆ ಕೋಣೆಯನ್ನು ಛತ್ರವಾಗಿ ಪರಿವರ್ತಿಸುತ್ತಿದ್ದರು. ಜಂಬೂಸವಾರಿ, ವಸ್ತುಪ್ರದರ್ಶನ, ದೀಪ ಹಚ್ಚಿದ ಅರಮನೆ ಎಲ್ಲವೂ ಆದ ಮೇಲೆ, ಶಾಸನವು ಇಡೀ ಪರಿವಾರವನ್ನು ರಜಕ್ಕೆಂದು ಬೀಗ ಹಾಕಿದ್ದ ಕಾಲೇಜಿನ ಮುಂದೆ ಸಾಲಾಗಿ ನಿಲ್ಲಿಸಿ, ಜವಾನನಿಗೆ ನಾಲ್ಕಾಣೆ ಕೊಟ್ಟು ಗೇಟು ತೆಗೆಸಿ, ಮೊಗಸಾಲೆಯ ಉದ್ದಕ್ಕೂ ನಡೆಸಿಕೊಂಡು ಹೋಯಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿ, ‘ಆಕಾಶವಾಣಿ’ ಎಂಬ ಹೆಸರಿಗೆ ಮೈಸೂರನ್ನು ತವರು ಮಾಡಿದ್ದನ್ನು ಕೇಳಿ ಅತ್ತೆಯರು ಮೂಗಿನ ಮೇಲೆ ಬೆರಳಿಟ್ಟರು. ಮಕ್ಕಳು ಕಂಬಗಳ ಸುತ್ತ ಕಣ್ಣಾಮುಚ್ಚಾಲೆಯಾಡಿದರು. ತಂದೆ ಮಾತ್ರ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಒಂದಕ್ಷರವನ್ನೂ ಬಿಡದೆ ಕೇಳಿ, ಕೊನೆಯ ಮೆಟ್ಟಿಲಿಳಿದ ಮೇಲೆ ಅಂದರು:

“ಅಲ್ಲ ಕಣ್ಮಗ, ಅವ್ರು ಓದಿ ವೋದ್ರು, ಇವ್ರು ಓದಿ ವೋದ್ರು ಅಂತ ಎಲ್ಲಾರ್ದೂ ಯೋಳ್ದೆ. ನೀ ಯಾವಾಗ್ಲಾ ವೋಗೋದು?”

ಶಾಸನವು ಆ ದಿನ ಮಿಕ್ಕ ಭಾಗವನ್ನು ಹೇಳಲಿಲ್ಲವೆಂದು ಕೇಳಿದ್ದೇನೆ. ತಂದೆಯ ಪ್ರಶ್ನೆ ನಾಟಿತೋ, ಅಕ್ಕಿಯ ಮೂಟೆ ಇನ್ನು ಬರಲಾರದೆಂಬ ಸೂಚನೆ ನಾಟಿತೋ, ಮುಂದಿನ ಸೆಪ್ಟೆಂಬರಿನಲ್ಲಿ ಅವನು ಉಳಿದಿದ್ದ ಪತ್ರಿಕೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ಮೂರನೆಯ ದರ್ಜೆಯಲ್ಲಿ ತೇರ್ಗಡೆಯಾದನು. ಕಾಲೇಜಿನ ಅಧ್ಯಾಪಕವೃಂದಕ್ಕೆ ಇದರಿಂದಾದ ಆನಂದ, ಪ್ರಥಮ ದರ್ಜೆಯ ವಿದ್ಯಾರ್ಥಿಗಳಿಂದ ಎಂದೂ ಆಗಿದ್ದಿಲ್ಲ.

ಎಂ.ಎ.ಗೆ ಸೇರಬಾರದೆ ಎಂದು ಸ್ನೇಹಿತರು ಸಲಹೆ ಕೊಡದಿರಲಿಲ್ಲ. ಮೂರನೆಯ ದರ್ಜೆಯವನಿಗೆ ಸ್ಥಳ ದೊರೆಯುತ್ತಿತ್ತೇ ಎಂಬುದು ಬೇರೆ ಮಾತು. ಆದರೆ ಅಷ್ಟರಲ್ಲಿ, 1960ರಲ್ಲಿ, ಸ್ನಾತಕೋತ್ತರ ವ್ಯಾಸಂಗಕ್ಕೆಂದು ಕುಕ್ಕರಹಳ್ಳಿ ಕೆರೆಯ ಆಚೆಗೆ ಮಾನಸಗಂಗೋತ್ರಿ ಸ್ಥಾಪಿತವಾಗಿ ವಿಭಾಗಗಳು ಅಲ್ಲಿಗೆ ಸಾಗತೊಡಗಿದ್ದವು. ಶಾಸನವು ಒಮ್ಮೆ ಅಲ್ಲಿಗೆ ನಡೆದುಹೋಗಿ, ಅತ್ತಿತ್ತ ನೋಡಿ, ಹಿಂದಿರುಗಿ ಬಂದು ತೀರ್ಪು ಕೊಟ್ಟಿತು: “ಜಾಗ ಚೆನ್ನಾಗಿದೆ, ಗಾಳಿಯೂ ಚೆನ್ನಾಗಿದೆ. ಆದರೆ ಅಲ್ಲಿ ಇದುವರೆಗೆ ಯಾರು ಕೂತಿದಾರೆ ಹೇಳು? ಬೆಂಚಿನ ಪಾಲಿಷ್ ವಾಸನೆ ಕೂಡ ಹೋಗಿಲ್ಲ ಮಾರಾಯ. ಅಂಥ ಕಡೆ ನಾವೇ ಓದಬೇಕಾಗುತ್ತೆ.”

ಅವನನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬನು. ಆದರೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತುಂಟು. ಅದೇ ಮೊಗಸಾಲೆಯಲ್ಲಿ ಚಿನ್ನದ ಪದಕಗಳನ್ನು ಗೆದ್ದು ದಿಲ್ಲಿಗೋ ಬೆಂಗಳೂರಿನ ಕಚೇರಿಗಳಿಗೋ ಹೋದ ಮಹನೀಯರು ತಲೆಗೂದಲು ನರೆತ ಮೇಲೆ ಮಕ್ಕಳು ಮರಿಗಳೊಡನೆ ಹಿಂದಿರುಗಿ ಬಂದಾಗ, ತಾವು ಕುಳಿತ ಕೊಠಡಿ ಯಾವುದೆಂಬುದು ಅವರಿಗೆ ನೆನಪಿರುವುದಿಲ್ಲ. ಆ ಕಂಬದ ಬಳಿಗೆ ಬಂದೇ ಕೇಳಬೇಕು. ಹೊರದೇಶದ ಅತಿಥಿಯೊಬ್ಬರು ಕಟ್ಟಡ ಎಷ್ಟು ಹಳೆಯದೆಂದು ಕೇಳಿದ ಸಂದರ್ಭದಲ್ಲಿ, ಜೊತೆಗಿದ್ದ ವಿದ್ವಾಂಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ಏಕಕಾಲದಲ್ಲಿ ಆ ಕಂಬದ ಕಡೆಗೆ ತಿರುಗಿದ್ದನ್ನು ನಾನೇ ನೋಡಿದ್ದೇನೆ. ಅದೊಂದು ಕ್ಷಣದಲ್ಲಿ ಶಾಸನದ ಮುಖದ ಮೇಲೆ ಮೂಡಿದ ಗಾಂಭೀರ್ಯ ಘಟಿಕೋತ್ಸವದಲ್ಲಿ ಗೌನು ಧರಿಸಿದವರ ಮುಖದ ಮೇಲೆಯೂ ಅಪರೂಪ.

ಆಮೇಲೆ ಅವನು ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾದನು. ಯುದ್ಧಗಳ ಕಾರಣಗಳನ್ನು ಹುಡುಗರಿಗೆ ಪಾಠ ಹೇಳಲೇಬೇಕಾದುದರಿಂದ ತಾನೂ ಕಲಿತುಕೊಂಡನಂತೆ. ಮೊಗಸಾಲೆಯ ಕಂಬವಂತೂ ಒಂದು ವಾರವೂ ಖಾಲಿ ಉಳಿಯಲಿಲ್ಲ. ಬೇರೊಬ್ಬನು ಬಂದು ಬೆನ್ನುಕೊಟ್ಟನು. ಆದಕಾರಣ ಮೈಸೂರಿಗೆ ಹೋಗುವ ವಾಚಕರಲ್ಲಿ ನನ್ನದೊಂದು ಬಿನ್ನಹ: ಮಹಾರಾಜಾ ಕಾಲೇಜಿನ ಮುಂದೆ ಸುಮ್ಮನೆ ಎರಡು ನಿಮಿಷ ನಿಲ್ಲಿ, ಅವನೇ ಬರುತ್ತಾನೆ. ಒಂದು ಕಾಫಿ ಕೊಡಿಸಿ. ಅವನು ಹೇಳುವ ಇಸವಿಗಳನ್ನೆಲ್ಲ ಧಾರಾಳವಾಗಿ ನಂಬಬಹುದು; ಬೆಂಚನ್ನು ಮಾತ್ರ ನಂಬಬೇಡಿ.